ಮರದ ತುದಿಯ ಜಾಗ

ನನ್ನ ಅಕ್ಕ ಎರ್ನಾ ಕೆಟ್ಟವಳಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಕೋಳಿ ಸಾರು ಮಾಡಿಕೊಂಡು ಮೊದಲು ಹೋಗುವವಳು ಅವಳೇ. ಸುಳ್ಳು ಹೇಳುವವಳಲ್ಲ, ಒಬ್ಬರ ಸೊತ್ತಿಗೆ ಕೈಹಾಕುವವಳಲ್ಲ. ಆದರೆ ಓಪಲ್ ಟ್ರಸ್ಸೆಲ್ ಎಂಬ ಒಬ್ಬ ಹೆಂಗಸಿನ ಹೆಸರೆತ್ತಿದರೆ ಸಾಕು, ಅವಳ ಮುಖ ಹುಳಿ ತಿಂದಂತಾಗುತ್ತಿತ್ತು. ಒಂದು ಜೀವಮಾನದ ಹೊಟ್ಟೆಕಿಚ್ಚನ್ನೆಲ್ಲ ಒಬ್ಬಳ ಮೇಲೇ ಖರ್ಚು ಮಾಡಿದಳು. ಬೇರೆ ಯಾರಿಗೂ ಚೂರೂ ಉಳಿಸಲಿಲ್ಲ.

ನಾವು ಅನಾಹೈಮ್ ಊರಿನ ಹಳೇ ಜರ್ಮನ್ ಮನೆತನದವರು. ಈ ಮಾತನ್ನು ನನಗಿಂತ ಎರ್ನಾ ಹೆಚ್ಚು ಸಲ ಹೇಳುತ್ತಿದ್ದಳು. ನಮ್ಮ ತಾತ ದ್ರಾಕ್ಷಿ ಬೆಳೆಯಲೆಂದು ಬಂದವನು, ಬಳ್ಳಿಗೆ ರೋಗ ಬಿದ್ದ ಮೇಲೆ ಕಿತ್ತಳೆಗೆ ಇಳಿದವನು. ನಮ್ಮ ಕಾಲಕ್ಕೆ ತೋಟ ಯಾರ್ಯಾರದೋ ಆಗಿ, ಮನೆತನದ ಹೆಸರು ಮಾತ್ರ ನಮ್ಮ ಪಾಲಿಗೆ ಉಳಿದಿತ್ತು. ಅಕ್ಕತಂಗಿಯರಿಬ್ಬರೂ ರೈಲು ಹಳಿಯ ಪಕ್ಕದ ಶೆಡ್ಡಿನಲ್ಲಿ ನಿಂತು ಕಿತ್ತಳೆಗಳನ್ನು ತೆಳುಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆವು.

ಹೆಸರಿನ ಜೊತೆ ಎರ್ನಾಳಿಗೆ ಇನ್ನೊಂದು ಆಸ್ತಿಯಿತ್ತು, ದನಿ. ನಮ್ಮ ಲೂಥರನ್ ಚರ್ಚಿನಲ್ಲಿ ಹಾಡುವವರು ಹಿಂದಿನ ಅಟ್ಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತಾರೆ. ಒಳ್ಳೆಯ ದನಿಯವರು ಮೇಲೆ, ಸುಮಾರಾದವರು ಕೆಳಗೆ, ಬಾಯಿ ಆಡಿಸುವವರು ಇನ್ನೂ ಕೆಳಗೆ. ಅಜ್ಜಿಯ ಕಾಲದಿಂದ ಹಾಗೇ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಹರೆಯದಿಂದಲೂ ಎರ್ನಾಳದು. ಅವಳು ಬಾಯಿ ತೆರೆದರೆ ಕೆಳಗೆ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುದುಕರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ನಾನು ಕೆಳಗಿನ ಮೆಟ್ಟಿಲಿನವಳು, ನನಗೆ ಅದರ ದುಃಖವೇನೂ ಇರಲಿಲ್ಲ.

ಓಪಲ್ ಒಂದು ಬೇಸಗೆಯಲ್ಲಿ ಶೆಡ್ಡಿಗೆ ಬಂದಳು. ಓಕ್ಲಹೋಮಾದ ಹೊಲಗಳನ್ನು ನುಂಗಿದ ಧೂಳುಗಾಳಿ ಎಬ್ಬಿಸಿ ಓಡಿಸಿದ ಜನರ ಪೈಕಿ; ನಮ್ಮೂರವರು ಅವರನ್ನು ಓಕಿಗಳೆಂದು ಹೀಯಾಳಿಸುತ್ತಿದ್ದರು. ಬರಿಗಾಲು, ಹಳ್ಳಿ ಮಾತು, ಬಾಯಿ ತುಂಬ ನಗು. ಅವಳ ಕೈಯೋ, ಕಾಗದ ಸುತ್ತಿದ್ದು ಕಣ್ಣಿಗೆ ಕಾಣುವ ಮೊದಲೇ ಹಣ್ಣು ಪೆಟ್ಟಿಗೆಯಲ್ಲಿರುತ್ತಿತ್ತು. ಸ್ವಲ್ಪ ದಿನದಲ್ಲೇ ಮೇಸ್ತ್ರಿ ಹೆಂಗಸು ಅವಳನ್ನು ಎರ್ನಾಳ ಪಕ್ಕದಿಂದ ಎಬ್ಬಿಸಿ ಸಾಲಿನ ಮುಂದಕ್ಕೆ ನಿಲ್ಲಿಸಿದಳು. ಕಿಚ್ಚು ಹತ್ತಿದ್ದು ಆಗ. ಆಮೇಲೆ ಟ್ರಸ್ಸೆಲ್ ಎಂಬ ಲಾರಿ ಡ್ರೈವರ್ ಓಪಲ್‌ಳನ್ನು ಮದುವೆಯಾದ. ಅವನು ಮೊದಲು ತನ್ನ ಕಡೆ ನೋಡಿ ನಗುತ್ತಿದ್ದ ಎಂದು ಎರ್ನಾ ಹೇಳುತ್ತಿದ್ದಳು. ನಾನು ಕಂಡಂತೆ ಅವನು ಎಲ್ಲರ ಕಡೆ ನೋಡಿ ನಗುತ್ತಿದ್ದ.

ಎರ್ನಾಳನ್ನು ಉರಿಸಿದ್ದು ಓಪಲ್‌ಳ ಅದೃಷ್ಟ ಮಾತ್ರವಲ್ಲ. ಅವಳು ಕೈಗೆ ಬಂದದ್ದನ್ನು ಹಂಚಿಬಿಡುತ್ತಿದ್ದಳಲ್ಲ, ಅದು. ಜೋಳದ ರೊಟ್ಟಿ ತಂದರೆ ಮೊದಲ ತುಂಡು ಎರ್ನಾಳಿಗೆ. ಎರ್ನಾ ತೆಗೆದುಕೊಳ್ಳುತ್ತಿದ್ದಳು, ತಿನ್ನುತ್ತಿದ್ದಳು, ಮನೆಗೆ ಬಂದು "ಉಪ್ಪೇ ಇರ್ಲಿಲ್ಲ" ಎನ್ನುತ್ತಿದ್ದಳು. ಒಂದೇ ಒಂದು ಸಮಾಧಾನವೆಂದರೆ ಓಪಲ್‌ಗೆ ಶ್ರುತಿ ನಿಲ್ಲುತ್ತಿರಲಿಲ್ಲ. ಕೆಲಸ ಮಾಡುತ್ತ ಎಲ್ಲರೂ ಹಾಡುವಾಗ ಅವಳ ಒರಟು ದನಿ ಮೇಲಿನ ಸ್ವರಕ್ಕೆ ಹತ್ತಿ, ಹಿಡಿತ ಸಿಗದೆ ಜಾರಿ ಕೆಳಗೆ ಬೀಳುತ್ತಿತ್ತು. ಆಗ ಎರ್ನಾ ನನ್ನನ್ನು ನೋಡಿ ಹುಬ್ಬು ಏರಿಸುತ್ತಿದ್ದಳು. ಆ ದಿನ ಮನೆಯಲ್ಲಿ ಊಟ ಚೆನ್ನಾಗಿರುತ್ತಿತ್ತು.

ಆಮೇಲೆ ಕಿತ್ತಳೆ ಮರಗಳನ್ನು ಉರುಳಿಸಿ ಡಿಸ್ನಿಲ್ಯಾಂಡ್ ಕಟ್ಟಿದರು. ಶೆಡ್ಡು ಮುಚ್ಚಿತು. ನಮ್ಮಂಥ ಎಷ್ಟೋ ಜನ ಪಾರ್ಕಿನಲ್ಲೇ ಕೆಲಸಕ್ಕೆ ಸೇರಿದೆವು. ಎರ್ನಾ ಮತ್ತು ನಾನು ವೇಷಭೂಷಣದ ಹೊಲಿಗೆ ಕೋಣೆಗೆ, ಓಪಲ್ ಪಾಪ್‌ಕಾರ್ನ್ ಗಾಡಿಗೆ. ಮೊದಲ ಕ್ರಿಸ್‌ಮಸ್‌ಗೆ ಸುತ್ತಲಿನ ಊರುಗಳಿಂದ ಶಾಲೆಯ ಮಕ್ಕಳು, ಚರ್ಚಿನ ಮೇಳಗಳು ಬಂದು ಹಾಡಿದವು. ನಮ್ಮ ಚರ್ಚಿನ ಸರದಿ ಬಂದಾಗ ಎರ್ನಾ ಒಂಟಿ ಹಾಡು ಹಾಡಿದಳು. ಇನ್ನೂ ಸಸಿಗಳೇ ದೊಡ್ಡವಾಗದ ಆ ಹೊಸ ಜಾಗದಲ್ಲಿ, ಬಿಸಿಗಾಳಿಯ ಡಿಸೆಂಬರಿನಲ್ಲಿ, ಉಣ್ಣೆಯ ಕೋಟು ಹಾಕಿಕೊಂಡು ಬೆವರುತ್ತ ಹಾಡಿದಳು. ಅವಳ ಜೀವನದಲ್ಲಿ ಅಷ್ಟು ಸಂತೋಷವಾಗಿದ್ದ ಇನ್ನೊಂದು ದಿನ ನನಗೆ ನೆನಪಿಲ್ಲ. ಓಪಲ್ ಗಾಡಿ ಬಿಟ್ಟು ಓಡಿಬಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಕೂಡ ಆ ಸಂತೋಷವನ್ನು ಕೆಡಿಸಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಪಾರ್ಕಿನ ಕೆಲಸಗಾರರದೇ ಒಂದು ಹಾಡಿನ ಮೇಳವಾಯಿತು, ಆ ಮೇಳದಿಂದ ಹಾಡುವ ಮರ ಆಯಿತು. ಏಣಿಯಂತೆ ಹಲಗೆ ಜೋಡಿಸಿ, ಕೆಳಗೆ ಅಗಲವಾದ ಸಾಲು, ಮೇಲೆ ಹೋದಂತೆ ಕಿರಿದಾದ ಸಾಲು. ಎಲ್ಲರಿಗೂ ಹಸಿರು ನಿಲುವಂಗಿ. ದೂರದಿಂದ ನೋಡಿದರೆ ಕ್ರಿಸ್‌ಮಸ್ ಮರವೇ ನಿಂತು ಹಾಡಿದಂತೆ. ತುದಿಯಲ್ಲಿ ಒಬ್ಬಳೇ, ಬಿಳಿ ನಿಲುವಂಗಿಯಲ್ಲಿ, ನಕ್ಷತ್ರವಾಗಿ. ಅವಳನ್ನು ಹಿಂದಿನ ಕಂಬಕ್ಕೆ ಪಟ್ಟಿ ಕಟ್ಟಿ ನಿಲ್ಲಿಸುತ್ತಿದ್ದರು. ಕೆಳಗಿನವರೆಲ್ಲ ಇಳಿದ ಮೇಲೆಯೇ ಅವಳು ಇಳಿಯಬೇಕು.

ಮೇಳದ ಯಜಮಾನಿಕೆ ಗುಂಡರ್ಸನ್ ಎಂಬ ಸಂಗೀತದ ಮೇಷ್ಟ್ರದು. ಅವರು ಎರ್ನಾಳನ್ನು ಮುಂದಿನ ಸಾಲಿನಲ್ಲಿ, ಮೈಕಿನ ಎದುರಿಗೇ ನಿಲ್ಲಿಸಿ ಒಂಟಿ ಹಾಡು ಕೊಟ್ಟರು. ತುದಿಗೆ ಓಪಲ್‌ಳನ್ನು ಹತ್ತಿಸಿದರು.

ಎರ್ನಾ ಅಂದು ಮನೆಗೆ ಬಂದು ಕೋಟು ಕೂಡ ಬಿಚ್ಚಲಿಲ್ಲ.

"ಮೇಲೆ ಯಾರು ನಿಲ್ಬೇಕು ಹೇಳು. ಚರ್ಚಲ್ಲಿ ಮೇಲೆ ಯಾರು ನಿಲ್ತಾರೆ?"

"ಇದು ಚರ್ಚಲ್ಲ ಅಕ್ಕಾ. ಮೈಕಿನ ಮುಂದೆ ನಿಲ್ಸಿದ್ದಾರೆ, ಒಂಟಿ ಹಾಡು ಕೊಟ್ಟಿದ್ದಾರೆ. ಇನ್ನೇನು ಬೇಕು ನಿಂಗೆ?"

"ಕೆಳಗಿನ ಸಾಲು! ನನ್ನನ್ನ! ಆ ಓಕಿ ನನ್ನ ತಲೆ ಮೇಲೆ ನಿಂತು ಕತ್ತೆ ಥರ ಅರಚ್ತಾಳೆ, ಜನ ಅವಳನ್ನ ನೋಡ್ತಾರೆ!"

ಜನ ನೋಡಿದ್ದು ನಿಜ. ಬೆಳಕೆಲ್ಲ ತುದಿಯ ಮೇಲೆ. ಪತ್ರಿಕೆಯಲ್ಲಿ ಓಪಲ್‌ಳ ಚಿತ್ರ ಬಂತು, ಯಾರೋ ಅದನ್ನು ಕತ್ತರಿಸಿ ನಾವೆಲ್ಲ ಊಟ ಮಾಡುವ ಕೋಣೆಯ ಗೋಡೆಗೆ ಅಂಟಿಸಿದರು. ಎರ್ನಾ ವರ್ಷವಿಡೀ ಆ ಗೋಡೆಗೆ ಬೆನ್ನು ಹಾಕಿ ಊಟ ಮಾಡಿದಳು. ಆ ವರ್ಷ ಅವಳು ತೆಳ್ಳಗಾದಳು. ನನಗೆ ಸಿಟ್ಟು ಬರುತ್ತಿತ್ತು, ಕನಿಕರವೂ ಆಗುತ್ತಿತ್ತು. ಒಂದು ಜಾಗಕ್ಕಾಗಿ ಹೀಗೆ ಒಳಗೊಳಗೇ ಬೇಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುವರ್ಷ ತುದಿಯವಳ ಬಿಳಿ ನಿಲುವಂಗಿಯನ್ನು ಹೊಸದಾಗಿ ಹೊಲಿಯಬೇಕಾಯಿತು. ಹಳೆಯದಕ್ಕೆ ಮೇಣ ಬಿದ್ದು ಹಾಳಾಗಿತ್ತು. ಬಟ್ಟೆ ಕತ್ತರಿಸಿದವಳು ಎರ್ನಾ. ಹಸಿರು ನಿಲುವಂಗಿಗಳು ಚೀಲದಂತೆ ಸಡಿಲ, ಯಾರದನ್ನು ಯಾರಾದರೂ ಹಾಕಬಹುದು. ಬಿಳಿಯದು ಹಾಗಲ್ಲ, ಮೈಗೆ ಸರಿಯಾಗಿ ಕೂರಬೇಕು. ಹೊಲಿದದ್ದನ್ನು ಹಾಕಿ ನೋಡಲೆಂದು ಓಪಲ್ ಬಂದಾಗ ನಾನು ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದೆ.

ಓಪಲ್ ಎಡಗೈ ತೂರಿಸಿದಳು. ಹೇಗೋ ಹೋಯಿತು. ಬಲಗೈ ಮೊಣಕೈವರೆಗೆ ಹೋಗಿ ನಿಂತುಬಿಟ್ಟಿತು.

"ಉಸಿರು ಎಳ್ಕೊ," ಎಂದಳು ಎರ್ನಾ.

"ಉಸಿರು ಎಳ್ಕೊಂಡ್ರೆ ಹೊಟ್ಟೆ ಒಳಕ್ಕೋಯ್ತದೆ. ತೋಳು ಎಲ್ಲಿಗೋದಾತು ಕಣಮ್ಮಿ?"

"ಪಾಪ್‌ಕಾರ್ನ್ ಕಮ್ಮಿ ತಿನ್ಬೇಕಿತ್ತು. ಬೆಣ್ಣೆಯೆಲ್ಲಾ ತೋಳಿಗೇ ಇಳಿದಿದೆ."

ಓಪಲ್ ನಕ್ಕಳು. ನಿಲುವಂಗಿ ಬಿಚ್ಚಿ, ಒಳಮೈ ತಿರುವಿ ಹೊಲಿಗೆ ನೋಡಿದಳು. ಒಳಗೆ ಬಿಡಬೇಕಾದಷ್ಟು ಬಟ್ಟೆ ಬಿಟ್ಟಿರಲಿಲ್ಲ. ಬಿಚ್ಚಿ ದೊಡ್ಡದು ಮಾಡುವ ದಾರಿಯೇ ಇಲ್ಲ. ಆಮೇಲೆ ಸುಮ್ಮನೆ ಅದನ್ನು ಎರ್ನಾಳ ಭುಜಕ್ಕೆ ಹಿಡಿದಳು. ಭುಜ, ತೋಳು, ಸೊಂಟ, ಎಲ್ಲ ಅಚ್ಚು ಹೊಯ್ದಂತೆ ಕೂತವು. ನಾನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಲು ಶುರು ಮಾಡಿದೆ. ಸೂಜಿಯಲ್ಲಿ ಆಗಲೇ ದಾರವಿತ್ತು.

"ಇದು ನಿನ್ ಅಳತೆ ಅಲ್ವಾ," ಎಂದಳು ಓಪಲ್.

"ತಪ್ಪಾಗಿರ್ಬೇಕು."

"ನಿನ್ ಕೈಯಾಗೆ ತಪ್ಪಾ? ಓಗಮ್ಮಿ!" ಅವಳ ದನಿಯಲ್ಲಿ ಸಿಟ್ಟಿನ ಸುಳಿವೇ ಇಲ್ಲ. "ಬೇಕು ಅಂತ ಒಂದ್ ಮಾತು ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ? ಇದಕ್ಕೆ ಇಷ್ಟೊಳ್ಳೆ ಬಟ್ಟೆ ಯಾಕೆ ಕತ್ತರಿಸ್ಬೇಕಿತ್ತು? ನೀನೇ ಹತ್ತು. ನಾನೇ ಮೇಷ್ಟ್ರಿಗೆ ಯೋಳ್ತೀನಿ."

ಎರ್ನಾ ಕೆಂಪಾದಳು. ಬಯ್ಗುಳಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಕಾದಿದ್ದವಳಿಗೆ ಬಯ್ಗುಳವೇ ಸಿಗಲಿಲ್ಲ.

"ಆದ್ರೆ ಕೇಳಿಲ್ಲಿ," ಎಂದು ಓಪಲ್ ದನಿ ತಗ್ಗಿಸಿದಳು. "ಅಲ್ಲಿ ಮೈಕಿಲ್ಲ. ಮೈಕೆಲ್ಲಾ ಕೆಳಗಿನ ಸಾಲಿನ ಮುಂದೆ ಐತೆ. ನನ್ನ ಯಾಕೆ ಮೇಲಕ್ಕೆ ಹತ್ಸಿದ್ರು ಅಂದ್ಕೊಂಡೆ? ನನ್ ಗಂಟ್ಲು ಯಾರ್ಗೂ ಕೇಳ್ದಂಗಿರ್ಲಿ ಅಂತ! ಮೇಷ್ಟ್ರು ನನ್ ಮಕಕ್ಕೇ ಯೋಳವ್ರೆ. ನೋಡೋಕೆ ನಾನು, ಕೇಳೋಕೆ ನೀನು. ಹಾಡೋಳಿಗ್ಯಾಕಮ್ಮಿ ಆ ಜಾಗ?"

ಅವಳು ಹೋದ ಮೇಲೆ ಎರ್ನಾ ಬಾಗಿಲನ್ನೇ ನೋಡುತ್ತ ನಿಂತಳು.

"ನೋಡಿದ್ಯಾ ಹೆಡ್ವಿಗ್? ಜಾಗ ಬಿಡೋಕೆ ಮನಸ್ಸಿಲ್ಲ. ಕಥೆ ಕಟ್ತಾಳೆ."

"ಅಕ್ಕಾ, ಅವಳು ಹೇಳಿದ್ದು ನಿಜ. ಹೋದ ವರ್ಷ ನಾನು ಜನರ ಮಧ್ಯೆ ನಿಂತಿದ್ನಲ್ಲ, ಅವಳ ದನಿ ಒಂಚೂರೂ ಕೇಳಿಸ್ಲಿಲ್ಲ."

"ಅವಳಿಗೆ ದನಿ ಎಲ್ಲಿದೆ, ಕೇಳ್ಸೋಕೆ?"

ಹೊಟ್ಟೆಕಿಚ್ಚು ಬಂದವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ನಾನು ಮತ್ತೆ ಗುಂಡಿ ಹಚ್ಚತೊಡಗಿದೆ.

ಮೇಷ್ಟ್ರು ಮಾತ್ರ ಸುಲಭವಾಗಿ ಒಪ್ಪಲಿಲ್ಲ. "ಮೇಲೆ ನಿಂತ್ರೆ ಒಂಟಿ ಹಾಡು ಬೇರೆಯವ್ರಿಗೆ ಕೊಡ್ಬೇಕಾಗುತ್ತೆ ಎರ್ನಾ. ಎರಡೂ ಆಗಲ್ಲ," ಎಂದರು.

"ಮೇಷ್ಟ್ರೇ, ಚರ್ಚಿನ ಅಟ್ಟದಲ್ಲಿ ನಂಗ್ಯಾವ ಮೈಕಿದೆ? ನಾನು ಹಾಡಿದ್ರೆ ಬೀದೀಲಿ ಹೋಗೋರು ನಿಲ್ತಾರೆ."

"ಅಲ್ಲಿ ಗೋಡೆ ಇದೆ, ಸೂರಿದೆ. ಇಲ್ಲಿ ಏನಿದೆ? ಬರೀ ಆಕಾಶ."

"ಆಕಾಶಕ್ಕೂ ಕೇಳ್ಲಿ ಬಿಡಿ."

ಅಭ್ಯಾಸ ನಡೆಯುತ್ತಿದ್ದದ್ದು ಪಾರ್ಕಿನ ಹಿಂಬದಿಯ ತಗಡಿನ ಗೋದಾಮಿನಲ್ಲಿ. ಎರ್ನಾ ಅಲ್ಲಿ ಹಲಗೆಯ ತುದಿಗೆ ಹತ್ತಿ ಹಾಡಿ ತೋರಿಸಿದಳು. ತಗಡೆಲ್ಲ ಮೊಳಗಿತು. ಬಣ್ಣ ಬಳಿಯುತ್ತಿದ್ದವರು ಕುಂಚ ಹಿಡಿದುಕೊಂಡೇ ಒಳಗೆ ಬಂದು ನಿಂತರು. ಮೇಷ್ಟ್ರು ಕೈಚೆಲ್ಲಿ, ತುದಿಯನ್ನೂ ಒಂಟಿ ಹಾಡನ್ನೂ ಅವಳಿಗೇ ಕೊಟ್ಟರು. ಬಿಳಿ ನಿಲುವಂಗಿ ಇನ್ನಾರಿಗೂ ಆಗುತ್ತಲೂ ಇರಲಿಲ್ಲ. ಉಳಿದ ಸಾಲುಗಳೆಲ್ಲ ತುಂಬಿದ್ದರಿಂದ, ಮುಂದಿನ ಸಾಲಿನಲ್ಲಿ ಖಾಲಿಯಾದ ಎರ್ನಾಳ ಜಾಗಕ್ಕೇ ಓಪಲ್‌ಳನ್ನು ನಿಲ್ಲಿಸಿ, "ಓಪಲ್, ದಮ್ಮಯ್ಯ, ಬರೀ ತುಟಿ ಆಡ್ಸು. ದನಿ ಬಿಡ್ಬೇಡ," ಎಂದರು.

"ಅದಕ್ಕೇನು ಬುಡಿ ಮೇಷ್ಟ್ರೇ, ಪಾಪ್‌ಕಾರ್ನ್ ತಿಂದಂಗೆ ಮಾಡ್ತೀನಿ," ಎಂದಳು ಓಪಲ್.

ಆ ಸಂಜೆ ಪಾರ್ಕಿನ ಮುಂಬಾಗಿಲ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈಯಲ್ಲಿ ಮೇಣದ ಬತ್ತಿ ಹಿಡಿದ ಮೇಳಗಳು ಬೀದಿಯುದ್ದಕ್ಕೂ ನಡೆದು ಬಂದವು. ಹಸಿರು ನಿಲುವಂಗಿಯವರು ಒಬ್ಬೊಬ್ಬರಾಗಿ ಹಲಗೆ ಹತ್ತಿ ಮರವಾದರು. ಕೊನೆಗೆ ಹಿಂದಿನ ಏಣಿಯಿಂದ ಎರ್ನಾ ಮೇಲೆ ಬಂದಳು. ಬೆಳಕು ಬಿತ್ತು. ಜನ ಹೋ ಎಂದರು. ಅವಳು ಚೆಲುವೆಯಲ್ಲ, ಆದರೆ ಆ ಕ್ಷಣ ಚೆಲುವೆಯಾಗಿ ಕಂಡಳು. ಇಷ್ಟು ವರ್ಷ ಬೆಂದದ್ದಕ್ಕೆ ಇದು ಸಿಕ್ಕಿತಲ್ಲ, ಸಾಕು, ಇನ್ನಾದರೂ ತಣ್ಣಗಾಗಲಿ ಎಂದುಕೊಂಡೆ.

ಮೊದಲೆರಡು ಹಾಡು ಎಲ್ಲರೂ ಸೇರಿ ಹಾಡುವಂಥವು, ಚೆನ್ನಾಗಿಯೇ ಹೋದವು. ಮೂರನೆಯದು ಎರ್ನಾಳದು. ಮೇಷ್ಟ್ರು ಕೈ ಎತ್ತಿದರು. ಮೇಳ ಸುಮ್ಮನಾಯಿತು. ಎರ್ನಾ ಬಾಯಿ ತೆರೆದಳು.

ಏನೂ ಕೇಳಲಿಲ್ಲ.

ಕೂಸುಗಳ ಅಳು ಕೇಳಿತು, ದೂರದಲ್ಲಿ ಪಾರ್ಕಿನ ಕೊಳದ ಆವಿದೋಣಿಯ ಸೀಟಿ ಕೇಳಿತು, ಯಾರೋ ಕೆಮ್ಮಿದ್ದು ಕೇಳಿತು. ಎರ್ನಾಳ ಎದೆ ಏರಿಳಿಯುವುದು ಕಾಣುತ್ತಿತ್ತು, ಕುತ್ತಿಗೆಯ ನರ ಬಿಗಿದದ್ದು ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದ ಪುಟ್ಟ ಹುಡುಗಿ, "ಅಪ್ಪಾ, ಆ ನಕ್ಷತ್ರ ಯಾಕೆ ಆಕಳಿಸ್ತಿದೆ?" ಎಂದಳು. ಸುತ್ತ ನಾಲ್ಕು ಜನ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಜನ ಗುಜುಗುಜು ಶುರು ಮಾಡಿದರು.

ಆಗ ಮುಂದಿನ ಸಾಲಿನಲ್ಲಿ ಓಪಲ್ ತಲೆಯೆತ್ತಿ ಮೇಲೆ ನೋಡಿದಳು. ಕಿವಿ ಆ ಕಡೆ ವಾಲಿಸಿದಳು. ನೋಡುತ್ತಿದ್ದ ಹಾಗೇ ಹಾಡತೊಡಗಿದಳು.

ಅದೇ ಒರಟು ದನಿ. ಧೂಳು ಕುಡಿದ ದನಿ. ಕಂಬ ಕಂಬಕ್ಕೆ ಕಟ್ಟಿದ್ದ ಸ್ಪೀಕರುಗಳಿಂದ ಚೌಕದ ತುಂಬ ಹರಡಿತು. ಎಲ್ಲಿ ಜಾರುತ್ತಾಳೋ ಎಂದು ನಾನು ಕಾದೆ. ಜಾರಲಿಲ್ಲ. ಒಂದೊಂದೇ ಸ್ವರವನ್ನು ಕತ್ತಲಲ್ಲಿ ಗೋಡೆ ತಡವಿದಂತೆ ತಡವಿ, ಹಿಡಿದು, ಮುಂದಕ್ಕೆ ಹೋದಳು. ಅಂಥ ಹಾಡುಗಾರಿಕೆಯನ್ನು ಚರ್ಚಿನಲ್ಲಿ ಯಾರೂ ಹೊಗಳುವುದಿಲ್ಲ. ಆದರೆ ಅಲ್ಲಿ ಗಂಡಸರು ಟೋಪಿ ತೆಗೆದರು. ನಕ್ಕವರು ಸುಮ್ಮನಾದರು. ಆ ಪುಟ್ಟ ಹುಡುಗಿಯ ಅಪ್ಪ ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಮೇಲೆ ಎರ್ನಾ ಇನ್ನೂ ಹಾಡುತ್ತಿದ್ದಳು. ನಿಲ್ಲಿಸಲಿಲ್ಲ. ನಾಲ್ಕು ಕಡೆಯಿಂದ ಓಪಲ್‌ಳ ದನಿ ಅವಳ ಮೇಲೆ ಬರುತ್ತಿತ್ತು, ಕೈಯಿಂದ ಕಿವಿ ಮುಚ್ಚಿಕೊಳ್ಳುವಂತಿಲ್ಲ, ಸೊಂಟಕ್ಕೆ ಪಟ್ಟಿ ಕಟ್ಟಿದೆ, ಇಳಿಯುವಂತಿಲ್ಲ. ಹಾಡು ಮುಗಿಯಿತು. ಚಪ್ಪಾಳೆ ಮಳೆಯಂತೆ ಬಿತ್ತು, ಎಲ್ಲ ಕೆಳಗಿನ ಸಾಲಿಗೆ. ಜನ ಓಪಲ್‌ಳನ್ನು ಸುತ್ತಿಕೊಂಡರು. ಸಾಲು ಸಾಲಾಗಿ ಎಲ್ಲರೂ ಇಳಿದು ಹೋಗುವವರೆಗೆ ನನ್ನ ಅಕ್ಕ ಬೆಳಕಿನಲ್ಲಿ ಒಬ್ಬಳೇ ನಿಂತಿದ್ದಳು.

ಏಣಿಯ ಬುಡಕ್ಕೆ ನಾನು ಹೋಗುವಷ್ಟರಲ್ಲಿ ಓಪಲ್ ಅಲ್ಲಿದ್ದಳು. ಜನರನ್ನು ಹೇಗೆ ತಪ್ಪಿಸಿಕೊಂಡು ಬಂದಳೋ. ಎರ್ನಾ ಇಳಿದ ಕೂಡಲೇ ಅವಳ ಎರಡೂ ಕೈ ಹಿಡಿದುಕೊಂಡಳು.

"ಎಂಥಾ ಹಾಡಮ್ಮಿ ಎರ್ನಾ! ನಂಗೆ ಕೇಳ್ತಿತ್ತು. ನನ್ ತಲೆ ಮೇಲೇ ಇದ್ಯಲ್ಲ, ಒಂದೊಂದು ಸ್ವರನೂ ಕೇಳ್ತಿತ್ತು. ನಿನ್ ದನಿ ಹಿಡ್ಕೊಂಡೇ ಹೋದೆ. ಇಲ್ದಿದ್ರೆ ನಂಗೆಲ್ಲಿ ಬತ್ತದೆ ಆ ಹಾಡು?"

"ಚಪ್ಪಾಳೆ ನಿಂಗೆ ಬಿತ್ತು," ಎಂದಳು ಎರ್ನಾ. ಅವಳ ತುಟಿ ಬೆಳ್ಳಗಾಗಿತ್ತು.

"ಅದೂ ನಿಂದೇ ಕಣಮ್ಮಿ. ನಂದೇನೈತೆ ಅದ್ರಲ್ಲಿ? ಎಲ್ಲಾ ನಿಂಗೇ ಇರ್ಲಿ."

ಎರ್ನಾ ಕೈ ಬಿಡಿಸಿಕೊಂಡು ಹೋದಳು. ಉರಿಯುವ ಗಾಯಕ್ಕೆ ಬೆಣ್ಣೆ ಸವರಿದರೂ ಉರಿಯುತ್ತದೆಂದು ಓಪಲ್‌ಗೆ ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿ, "ನಾನೇನು ತಪ್ಪಂದೆ?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅದು ಸತ್ಯವೇ.

ಮುಂದಿನ ವರ್ಷದಿಂದ ಎರ್ನಾ ಮತ್ತೆ ಮೈಕಿನ ಮುಂದೆ, ಓಪಲ್ ಮತ್ತೆ ತುದಿಯಲ್ಲಿ. ಎರ್ನಾ ಒಂದು ಸ್ವರವೂ ತಪ್ಪದೆ ಹಾಡಿದಳು, ಜನ ಮೆಚ್ಚಿದರು. ಆದರೆ ಪ್ರತಿವರ್ಷ ಯಾರಾದರೊಬ್ಬರು ಬಂದು, "ಹಿಂದೆ ಒಬ್ಬಾಕೆ ಹಾಡಿದ್ಳಲ್ಲ, ಒಡಕು ದನಿಯಾಕೆ, ಈ ಸಲ ಇಲ್ವಾ?" ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ನಗುತ್ತ ಮೇಲಕ್ಕೆ ಬೆರಳು ತೋರಿಸುತ್ತಿದ್ದಳು. ಆ ನಗು ಮನೆಯವರೆಗೆ ಉಳಿಯುತ್ತಿರಲಿಲ್ಲ. ಆಮೇಲೆ ನಾವಿಬ್ಬರೂ ಹೊಲಿಗೆ ಕೋಣೆಯಿಂದ ನಿವೃತ್ತರಾದೆವು, ಎರ್ನಾ ಚರ್ಚಿನ ಮಕ್ಕಳಿಗೆ ಹಾಡು ಕಲಿಸಿದಳು, ಗೆಳತಿಯೆಂದು ಹೇಳಿಕೊಳ್ಳಲು ಯಾರನ್ನೂ ಮಾಡಿಕೊಳ್ಳಲಿಲ್ಲ. ಓಪಲ್ ಆಗಾಗ ಫೋನ್ ಮಾಡುತ್ತಿದ್ದಳು. ಮನೆಯಲ್ಲಿಲ್ಲ ಎಂದು ಎರ್ನಾ ನನ್ನಿಂದ ಹೇಳಿಸುತ್ತಿದ್ದಳು.

ಓಪಲ್ ತೀರಿಕೊಂಡದ್ದು ಒಂದು ವಸಂತದಲ್ಲಿ, ಹೃದಯ ನಿಂತು. ಅವಳ ಮಗಳು ಜೂನೆಲ್ ನಮ್ಮ ಬಾಗಿಲಿಗೆ ಬಂದಳು. "ಎರ್ನಾ ಆಂಟಿ, ನೀವು ಹಾಡ್ಬೇಕು. ಅಮ್ಮ ನೂರು ಸಲ ಹೇಳಿದ್ದಾಳೆ, ನಾನು ಸತ್ರೆ ಎರ್ನಾನೇ ಹಾಡ್ಬೇಕು, ಬೇರೆ ಯಾರಿಗೂ ಬರಲ್ಲ ಅಂತ." ಎರ್ನಾ ಕಪ್ಪು ಬಟ್ಟೆ ಹುಡುಕಲು ಒಳಗೆ ಹೋದಳು.

ಓಪಲ್‌ಳ ಚರ್ಚು ಚಿಕ್ಕದು, ಹಲಗೆ ಗೋಡೆಯದು. ಅಟ್ಟವಿಲ್ಲ, ಮೆಟ್ಟಿಲಿಲ್ಲ, ಮೈಕಿಲ್ಲ. ಎರ್ನಾ ಶವಪೆಟ್ಟಿಗೆಯ ಪಕ್ಕ ನೆಲದ ಮೇಲೆ ನಿಂತು ಆ ಮೂರನೆಯ ಹಾಡನ್ನೇ ಹಾಡಿದಳು, ಕ್ರಿಸ್‌ಮಸ್ ಅಲ್ಲದಿದ್ದರೂ. ಪಾರ್ಕಿನ ಹಳಬರೆಲ್ಲ ಬಂದಿದ್ದರು. ವಯಸ್ಸಾಗಿದ್ದರೂ ಆ ದನಿ ಮಾಸಿರಲಿಲ್ಲ. ಒಳಗಿದ್ದವರು ಬಿಕ್ಕಿದರು, ಬಾಗಿಲ ಹೊರಗೆ ನಿಂತವರೂ ಬಿಕ್ಕಿದರು. ಒಂದೊಂದು ಸ್ವರವೂ ಎಲ್ಲರಿಗೂ ಕೇಳಿತು. ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದರು, ಇಂಥ ಹಾಡು ಕೇಳೇ ಇರಲಿಲ್ಲ ಎಂದರು. ಅವಳು ಜೀವಮಾನವೆಲ್ಲ ಬಯಸಿದ್ದು ಅದೇ.

ಹಿಂತಿರುಗುವಾಗ ಕಾರು ಓಡಿಸುತ್ತಿದ್ದವಳು ನಾನು. ಎರ್ನಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಸತ್ತ ಮೇಲೂ ಕೊಟ್ಟೇ ಹೋದ್ಳು ನೋಡು," ಎಂದಳು.

ಅವಳು ಅಳುತ್ತಿದ್ದಳು, ಅಳುವಿನಲ್ಲೂ ಹಲ್ಲು ಕಚ್ಚಿದ್ದಳು.

"ಒಂದೇ ಒಂದ್ಸಲ ಅವಳು ನನ್ನ ನೋಡಿ ಹೊಟ್ಟೆ ಉರ್ಕೊಂಡಿದ್ರೆ ಸಾಕಿತ್ತು ಕಣೇ ಹೆಡ್ವಿಗ್. ಅವತ್ತೇ ಎಲ್ಲಾ ಬಿಟ್ಟು ಅವಳ ಗೆಳತಿಯಾಗಿಬಿಡ್ತಿದ್ದೆ."